ಹಂಚಿದ್ದು ನಮ್ಮ ಲೆಕ್ಕ, ನುಂಗಿದ್ದು ದೇವರ ಲೆಕ್ಕ

ಕೋಲಾರದ ಗೌನಿಪಲ್ಲಿ ಕಡೆಯ ಮನೆಗಳಲ್ಲಿ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿರುತ್ತದೆ. ಮನೆಯ ಇಡೀ ಪೌರತ್ವ ಅದರೊಳಗೆ. ರೇಷನ್ ಕಾರ್ಡು, ಆಧಾರ್ ಜೆರಾಕ್ಸು, ಕರೆಂಟ್ ಬಿಲ್ಲು. ಬಸುರಿಯಿರುವ ಮನೆಯಾದರೆ ತಾಯಿ ಕಾರ್ಡು, ಅದರ ಮಡಿಕೆಯಲ್ಲಿ ಕೆಂಪು ಮಾತ್ರೆಯ ಶೀಟುಗಳು. ಬಿಚ್ಚಿ ನೋಡಿದರೆ ಎರಡು ಗುಳಿ ಖಾಲಿ, ಮಿಕ್ಕಿದ್ದೆಲ್ಲ ಭದ್ರ. ಆ ಎರಡರಲ್ಲಿ ಒಂದನ್ನು ಸೊಸೆ ತಾನಾಗಿ ನುಂಗಿದ್ದು, ಇನ್ನೊಂದನ್ನು ಆಶಾ ಕಾರ್ಯಕರ್ತೆ ಎದುರು ನಿಂತು ನುಂಗಿಸಿದ್ದು. ತಾಲ್ಲೂಕಿಗೆ ಹೋದ ವರದಿಯಲ್ಲಿ ಮಾತ್ರ ಅಷ್ಟೂ ಖರ್ಚು: 'ವಿತರಿಸಲಾಗಿದೆ'.

ಎಂಥ ಚೆಂದದ ಕ್ರಿಯಾಪದ! ಕೊಟ್ಟವರು ಯಾರು, ತಗೊಂಡವರು ಯಾರು, ಹೊಟ್ಟೆಗೆ ಹೋಯಿತೋ ತಿಪ್ಪೆಗೆ ಹೋಯಿತೋ ಯಾವುದನ್ನೂ ಅದು ಬಾಯಿ ಬಿಡುವುದಿಲ್ಲ. ರಕ್ತಹೀನತೆ ತಡೆಯಲು ಭಾರತ ಸರ್ಕಾರ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚಲು ಶುರುಮಾಡಿದ್ದು 1970ರಲ್ಲಿ. ಅಂದು ಹುಟ್ಟಿದ ಹೆಣ್ಣುಮಗು ಇಂದು ಅಜ್ಜಿ. ಈ ನಡುವೆ ಕಾರ್ಯಕ್ರಮದ ಹೆಸರು ಬದಲಾಗಿದೆ, ಲೋಗೋ ಬದಲಾಗಿದೆ, ಮಾತ್ರೆಗೆ ಬಣ್ಣ ಬಂದಿದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗುಲಾಬಿ, ಹದಿಹರೆಯದವರಿಗೆ ನೀಲಿ, ಗರ್ಭಿಣಿಗೆ ಕೆಂಪು. ಗರ್ಭಿಣಿ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು, ಹೆರಿಗೆಯಾದ ಮೇಲೆ ಇನ್ನೊಂದು 180 ದಿನ. ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ. ಯೋಜನೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಾಯಂದಿರನ್ನೇ ಕೇಳಿದಾಗ, ಬಸುರಿನಲ್ಲಿ 180 ದಿನ ಮಾತ್ರೆ ತಗೊಂಡೆ ಎಂದವರು ದೇಶದಲ್ಲಿ ನೂರಕ್ಕೆ 26 ಮಂದಿ. ಮಿಕ್ಕ 74 ಮಂದಿಯ ಮಾತ್ರೆ ಎಲ್ಲಿ ಎಂದು ಯಾರೂ ತನಿಖೆಗೆ ಆದೇಶ ಕೊಟ್ಟಿಲ್ಲ.

2018ರಲ್ಲಿ 'ಅನೀಮಿಯಾ ಮುಕ್ತ ಭಾರತ' ಬಂತು. ರಕ್ತಹೀನರ ಪ್ರಮಾಣವನ್ನು ವರ್ಷಕ್ಕೆ ಮೂರು ಪಾಯಿಂಟ್‌ನಂತೆ ಇಳಿಸುವುದು ಗುರಿ. ನಮ್ಮ ರಾಜ್ಯ ಆ ಮೂರನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ನಾಲ್ಕನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 44.8 ಇತ್ತು, ಐದನೆಯದರಲ್ಲಿ 47.8 ಆಯಿತು. ಸರಿಯಾಗಿ ಮೂರು! ದಿಕ್ಕು ಮಾತ್ರ ಸ್ವಲ್ಪ ಹೆಚ್ಚುಕಮ್ಮಿ.

ಇದಕ್ಕೆಲ್ಲ ಹೆಂಗಸರೇ ಕಾರಣ ಎಂಬುದು ಸಭೆಗಳಲ್ಲಿ ಸರ್ವಾನುಮತ. "ಕೊಟ್ಟರೂ ನುಂಗೋದಿಲ್ಲ ಸಾರ್, ತಿಳಿವಳಿಕೆ ಇಲ್ಲ." ಹೌದು, ಇಲ್ಲ. ತಿಳಿವಳಿಕೆ ಎಂಬುದು ಶೀಟಿನ ಜೊತೆ ಪ್ಯಾಕ್ ಆಗಿ ಬರುವುದಿಲ್ಲವಲ್ಲ. ಮೊದಲ ವಾರ ವಾಕರಿಕೆ ಬರುತ್ತದೆ, ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಗೆ ಹೋಗುತ್ತದೆ, ಅದು ಕಬ್ಬಿಣದ ಸಹಜ ಗುಣ, ಹೆದರಬೇಡಮ್ಮ ಎಂದು ಯಾರಾದರೂ ಮೊದಲೇ ಕೂತು ಹೇಳಿದ್ದರೆ ಅರ್ಧ ಶೀಟಾದರೂ ಖಾಲಿಯಾಗುತ್ತಿತ್ತು. ಯಾರು ಹೇಳಬೇಕು? ಆಶಾ ಹೇಳಬೇಕು. ಸರ್ವೆ, ಲಸಿಕೆ, ಆ್ಯಪು, ರಿಜಿಸ್ಟರು ಎಲ್ಲ ಮುಗಿಸಿ ಹೇಳಬೇಕು. ತಿಂಗಳಿಗೆ ನಿಗದಿತ ಗೌರವಧನದ ಖಾತ್ರಿ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದವರೂ ಇವರೇ. ಮಾತ್ರೆಯ ಜೊತೆ ಉಪನ್ಯಾಸವನ್ನೂ ಇವರಿಂದಲೇ ಬಯಸುವುದು ನಮ್ಮ ದೊಡ್ಡಸ್ತಿಕೆ.

ಆಶಾ ಬಿಟ್ಟ ಜಾಗವನ್ನು ಅತ್ತೆ ತುಂಬುತ್ತಾಳೆ. ಮಾತ್ರೆ ಉಷ್ಣ. ಮಾತ್ರೆ ನುಂಗಿದರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ. ಕೂಸು ಕಪ್ಪಾಗುತ್ತದೆ. ಕೊನೆಗೆ ಬ್ರಹ್ಮಾಸ್ತ್ರ: "ನಾನು ಐದು ಹೆತ್ತೆ ಕಣಮ್ಮಾ, ಒಂದು ಮಾತ್ರೆ ನುಂಗಿದ್ನಾ?" ಐದರಲ್ಲಿ ಉಳಿದದ್ದು ಮೂರು ಎಂಬುದನ್ನು ಆಯಮ್ಮ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಎದುರಿಗೇ ನುಂಗಿಸಿದ ಮಾತ್ರೆಯ ಗತಿ ಏನು, ಅದನ್ನೂ ನೋಡೋಣ. ಆಶಾ ಬರುತ್ತಾಳೆ. "ಅಕ್ಕಾ, ಕೂತ್ಕೊಳ್ಳಿ, ಟೀ ಕುಡ್ಕೊಂಡು ಹೋಗಿ." ಬೇಡವೆಂದರೆ ಮನೆಯವರಿಗೆ ಬೇಜಾರು. ಸೊಸೆಯೇ ಎದ್ದು ಹಾಲು, ಸಕ್ಕರೆ, ಪುಡಿ ಹಾಕಿ ಕುದಿಸುತ್ತಾಳೆ. ಲೋಟ ಬಂದಾಗ ಆಶಾ ಮಾತ್ರೆ ಕೈಗಿಡುತ್ತಾಳೆ. ಸೊಸೆ ಬಾಯಿಗೆ ಹಾಕಿಕೊಂಡು, ಹಿಂದೆಯೇ ಎರಡು ಗುಟುಕು ಟೀ ಕುಡಿಯುತ್ತಾಳೆ. ಟೀಯಲ್ಲಿರುವ ಟ್ಯಾನಿನ್ ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಹಾಕುತ್ತದೆ, ಹೆಚ್ಚಿನದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ರಿಜಿಸ್ಟರಿನಲ್ಲಿ ಟಿಕ್ ಬಿತ್ತು, ಅತಿಥಿ ಸತ್ಕಾರವೂ ಆಯಿತು, ಕಬ್ಬಿಣ ಮಾತ್ರ ಬಂದ ದಾರಿಗೆ ಸುಂಕವಿಲ್ಲದೆ ಹೋಯಿತು. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಿ 'ಒಂದು ಕೆಲಸ ಮುಗೀತು' ಎನ್ನುವವರಿದ್ದಾರೆ. ಎರಡಕ್ಕೂ ಸವತಿ ಮತ್ಸರ, ಎರಡು ಗಂಟೆಯಾದರೂ ಅಂತರ ಬೇಕು.

ಇನ್ನು ಅಡುಗೆಮನೆ. ನಮ್ಮ ಕೋಲಾರದವರಿಗೆ ರಾಗಿಯ ಮೇಲೆ ಅಪಾರ ಅಭಿಮಾನ. ಮುದ್ದೆ ತಿಂದರೆ ಕಬ್ಬಿಣದ ಮೈ ಎಂದು ಭಾಷಣ ಮಾಡುತ್ತೇವೆ. ನೂರು ಗ್ರಾಂ ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂನಷ್ಟು ಕಬ್ಬಿಣವಿರುವುದು ನಿಜ. ಅದನ್ನು ಬಿಟ್ಟುಕೊಡದ ಫೈಟೇಟ್ ಕೂಡ ಅದರಲ್ಲೇ ಇರುವುದೂ ಅಷ್ಟೇ ನಿಜ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಫೈಟೇಟ್ ತಗ್ಗುತ್ತದೆ. ಅದನ್ನು ಹಸುಗೂಸಿಗೆ ಮಾಡುತ್ತೇವೆ, ಹೆತ್ತವಳಿಗೆ ಮಾಡುವುದಿಲ್ಲ. ಹುಳಿ ಸೇರಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ, ವಿಟಮಿನ್ ಸಿ ಬೇಕು. ಟೊಮೆಟೊದಲ್ಲಿದೆ. ಬೆಲೆ ಬಿದ್ದಾಗ ಕ್ರೇಟುಗಟ್ಟಲೆ ರಸ್ತೆಗೆ ಸುರಿಯುತ್ತೇವಲ್ಲ, ಅದೇ ಟೊಮೆಟೊ. ಅದನ್ನು ಬಿಸಿಲಿನಲ್ಲಿ ಬಗ್ಗಿ ಕಿತ್ತು ಕ್ರೇಟು ತುಂಬಿದ ಕೂಲಿ ಹೆಂಗಸಿನ ಹಿಮೋಗ್ಲೋಬಿನ್ ಎಂಟು ಪಾಯಿಂಟ್. ಗರ್ಭಿಣಿಗೆ 11, ಉಳಿದ ಹೆಂಗಸರಿಗೆ 12 ಇರಬೇಕು. ಹೊಸತೊಡಕಿನ ದಿನ ಮನೆಗೆ ಮಟನ್ ಬಂದರೆ ಲಿವರ್ ಯಾರ ತಟ್ಟೆಗೆ ಬೀಳುತ್ತದೆಂದು ಹೇಳಬೇಕೆ? ದೇಹಕ್ಕೆ ಅತಿ ಸುಲಭವಾಗಿ ಸೇರುವ ಕಬ್ಬಿಣ ಅದು. ಅದಕ್ಕೇ ಇರಬೇಕು, ಅದು ಮೀಸೆಯಿದ್ದವರಿಗೆ ಮೀಸಲು. ಅಡುಗೆ ಮಾಡಿದವಳಿಗೆ ಪಾತ್ರೆಯ ತಳದಲ್ಲಿ ಉಳಿದ ಸಾರು, ಮೇಲೊಂದು ಕೆಂಪು ಮಾತ್ರೆ.

ದುಡ್ಡು ನಾಲ್ಕು ಕಾಸು ಇರುವವರ ವೈದ್ಯ ಬೇರೆ. ಸರ್ಕಾರಿ ಮಾತ್ರೆ ಬಿಟ್ಟಿ, ಆದ್ದರಿಂದ ಅದರಲ್ಲಿ ಶಕ್ತಿಯಿಲ್ಲ! ರಕ್ತ ಕೆಂಪು, ದಾಳಿಂಬೆ ಕೆಂಪು, ಬೀಟ್‌ರೂಟೂ ಕೆಂಪು, ಸಿದ್ಧಾಂತ ಪೂರ್ತಿಯಾಯಿತು. ನೂರು ಗ್ರಾಂ ದಾಳಿಂಬೆಯಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಒಂದು ಸರ್ಕಾರಿ ಮಾತ್ರೆಯಷ್ಟು ಕಬ್ಬಿಣ ಬೇಕೆಂದರೆ ಹನ್ನೆರಡು ಕಿಲೋಗಿಂತ ಹೆಚ್ಚು ಹಣ್ಣನ್ನು ದಿನಾ ಬಿಡಿಸುತ್ತ ಕೂರಬೇಕು. ಸುಸ್ತು ಜಾಸ್ತಿಯಾದರೆ "ಒಂದು ಬಾಟ್ಲು ಹಾಕಿಸಿಬಿಡಿ ಡಾಕ್ಟ್ರೇ" ಎಂಬ ಬೇಡಿಕೆ. ಬಾಟ್ಲಿನಲ್ಲಿ ಸಾಮಾನ್ಯವಾಗಿ ಇರುವುದು ಸಕ್ಕರೆ ನೀರು. ಬಾಟ್ಲು ಖಾಲಿಯಾಗುವುದರೊಳಗೆ ಜೇಬು ಖಾಲಿಯಾಗಿರುತ್ತದೆ, ಹಿಮೋಗ್ಲೋಬಿನ್ ಇದ್ದಲ್ಲೇ ಇರುತ್ತದೆ.

ಇಷ್ಟು ಹೇಳಿ ಸರ್ಕಾರವನ್ನು ಹೊಗಳದಿದ್ದರೆ ಅನ್ಯಾಯವಾದೀತು. ರಕ್ತಹೀನತೆಯ ಸಂಖ್ಯೆಗಳು ಏರಿ ಮುಜುಗರವಾಗುತ್ತಿದ್ದಂತೆ ಒಂದು ಜಾಣ ಪರಿಹಾರ ಸಿಕ್ಕಿತು: ಆರನೇ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಡಲಾಯಿತು. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಲೆಕ್ಕ ತಪ್ಪುತ್ತದೆ, ರಕ್ತನಾಳದಿಂದ ತೆಗೆದು ಬೇರೊಂದು ಸಮೀಕ್ಷೆಯಲ್ಲಿ ಅಳೆಯುತ್ತೇವೆ ಎಂಬುದು ಕಾರಣ. ಕಾರಣದಲ್ಲಿ ವಿಜ್ಞಾನವಿದೆ, ನಾನು ಅಲ್ಲಗಳೆಯುವುದಿಲ್ಲ. ಫೇಲಾದ ವಿಷಯದಲ್ಲೇ ಪ್ರಶ್ನೆಪತ್ರಿಕೆ ಸರಿಯಿಲ್ಲವೆಂದು ತೋರುವುದು ಎಲ್ಲ ವಿದ್ಯಾರ್ಥಿಗಳಿಗೂ ಸಹಜ, ಅಷ್ಟೇ.

ತಮಾಷೆಯೆಂದರೆ, ಈ ಬಡಪಾಯಿ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆ. ಬೆಲೆ ಪೈಸೆಗಳಲ್ಲಿ. ಖಾಲಿ ಹೊಟ್ಟೆಯಲ್ಲಿ, ಆಗದಿದ್ದರೆ ಊಟವಾಗಿ ಎರಡು ಗಂಟೆಗೆ, ನಿಂಬೆರಸದ ನೀರಿನಲ್ಲಿ ನುಂಗಿದರೆ ಒಂದೆರಡು ತಿಂಗಳಲ್ಲಿ ಹಿಮೋಗ್ಲೋಬಿನ್ ಏರುತ್ತದೆ. ಏರಿತೆಂದು ಅಲ್ಲೇ ನಿಲ್ಲಿಸಬಾರದು, ದೇಹದ ಉಗ್ರಾಣ ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಜೂರಿಕ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ನುಂಗಿದ ಯುವತಿಯರಿಗಿಂತ ದಿನ ಬಿಟ್ಟು ದಿನ ನುಂಗಿದವರ ದೇಹಕ್ಕೆ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಸೇರಿತ್ತು. ಒಂದು ಮಾತ್ರೆ ನುಂಗಿದಾಗ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನ ಕರುಳಿನ ಬಾಗಿಲು ಹಾಕುವುದೇ ಇದಕ್ಕೆ ಕಾರಣ. ಆ ಅಧ್ಯಯನದಲ್ಲಿದ್ದವರು ಗರ್ಭಿಣಿಯರಲ್ಲ, ಹಾಗಾಗಿ ಬಸುರಿಯರು ಡಾಕ್ಟರನ್ನು ಕೇಳದೆ ದಿನ ಬಿಡಬಾರದು. ದಿನಾ ನುಂಗಿ ಹೊಟ್ಟೆ ಕೆಡುತ್ತಿದೆಯೆಂದು ಶೀಟನ್ನೇ ಮೂಲೆಗೆಸೆದ ಉಳಿದ ಹೆಂಗಸರು ಇದನ್ನು ಡಾಕ್ಟರ ಬಳಿ ಕೇಳಿ ನೋಡಬಹುದು.

ಆದ್ದರಿಂದ ಗಂಡಸರಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಆ ಶೀಟು ತೆಗೆದು ಎಷ್ಟು ಉಳಿದಿದೆಯೆಂದು ನೀವೇ ಎಣಿಸಿ. ನಿಂಬೆಹಣ್ಣು ನೀವೇ ಹಿಂಡಿ. ಲಿವರಿನ ವಿಚಾರವನ್ನು ಬರುವ ಹೊಸತೊಡಕಿಗೆ ಮಾತಾಡೋಣ.