ಪುರಃಕಾಚಮೀಮಾಂಸೆ

ಮೂಲವಾವುದು, ಪ್ರತಿಯಾವುದು ಎಂಬ ಜಿಜ್ಞಾಸೆ ಮೂಡುಬಿದಿರೆಯ ಸೀಮೆಗೆ ಹೊಸತಲ್ಲ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಡವೋಲೆಗಳನ್ನು ಅಲ್ಲಿನ ಸಿದ್ಧಾಂತ ಬಸದಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದುದೂ, 1939ರಲ್ಲಿ ಹೀರಾಲಾಲ್ ಜೈನರು ಅಮರಾವತಿಯಿಂದ ಅದರ ಪ್ರಥಮ ಸಂಪುಟವನ್ನು ಅಚ್ಚುಹಾಕಿಸಿದಾಗ ಅವರ ಮುಂದಿದ್ದುದು ಓಲೆಯಲ್ಲ, ಪ್ರತಿಯ ಪ್ರತಿ ಎಂಬುದೂ ವಿದ್ವಜ್ಜನರಿಗೆ ವಿದಿತವೇ ಆಗಿದೆ. ಆ ಓಲೆಗಳಾದರೂ 12ನೆಯ ಶತಮಾನದ ಸುಮಾರಿಗೆ ಲಿಪಿಕಾರರು ಹಳಗನ್ನಡ ಲಿಪಿಯಲ್ಲಿ ಬರೆದವೇ ಹೊರತು ಆಚಾರ್ಯರ ಸ್ವಹಸ್ತದವಲ್ಲ. ಇಂತಹ ಘನಪರಂಪರೆಯ ನೆರೆಯಲ್ಲಿ ಬಾಳುವ ಶಿರ್ತಾಡಿಯವರಾದ ನಾವು, ಕಾರಿನ ಮುಂಗಾಜು ಸೀಳಿದೊಡನೆ ‘ಒರಿಜಿನಲ್ ಹಾಕಿಸುವುದೋ, ಲೋಕಲ್ ಹಾಕಿಸುವುದೋ’ ಎಂಬ ಪ್ರಶ್ನೆಯನ್ನು ಅಂಗಡಿಯ ಜಗಲಿಯಲ್ಲಿಯೇ ಇತ್ಯರ್ಥಮಾಡಿ ಮುಗಿಸುವುದು ಶಾಸ್ತ್ರಕ್ಕೆ ಬಗೆವ ದ್ರೋಹವೆಂದು ಭಾವಿಸಿ, ಈ ಕಿರುಗ್ರಂಥಕ್ಕೆ ಕೈಯಿಕ್ಕಿದ್ದೇವೆ.

ಸಂಗತಿಯಿಷ್ಟು. ವೈಶಾಖದ ಒಂದು ಅಪರಾಹ್ಣ ಮೂಡುಬಿದಿರೆಯಿಂದ ಮರಳುತ್ತಿರುವಾಗ, ಜಲ್ಲಿ ತುಂಬಿದ ಟಿಪ್ಪರೊಂದರ ಬೆನ್ನಿಗೆ ಅಂಟಿಕೊಂಡಂತೆ ಸಾಗುತ್ತಿದ್ದ (ಈ ಅವಿವೇಕ ಪೂರ್ಣತಃ ನಮ್ಮದು) ನಮ್ಮ ಕಾರಿನ ಗಾಜಿಗೆ ಕಡಲೆಕಾಳಿನಷ್ಟು ಗಾತ್ರದ ಕಲ್ಲೊಂದು ಸಿಡಿದು, ಮೊದಲಿಗೆ ಒಂದು ಬಿಂದುವನ್ನು ಮಾತ್ರ ಉಳಿಸಿತು. ಬಿಂದುವೇ ಸೃಷ್ಟಿಗೆ ಕಾರಣವೆಂದು ತಂತ್ರಶಾಸ್ತ್ರಜ್ಞರು ಹೇಳುವುದನ್ನು ನಾವು ನಂಬಿರಲಿಲ್ಲ. ಮರುದಿನ, ಹೊರಗೆ ಬಿಸಿಲಿಗೆ ಕಾದ ಗಾಜಿಗೆ ಒಳಗಿನಿಂದ ಏಸಿಯ ತಂಪು ತಗಲಿದ ಕ್ಷಣದಲ್ಲಿ ಆ ಬಿಂದುವಿನಿಂದ ರೇಖೆ ಹುಟ್ಟಿ, ನಮ್ಮ ಕಣ್ಣೆದುರಿಗೇ ಗಾಜಿನ ಎಡದಂಚನ್ನು ಮುಟ್ಟಿತು. ಆದರೂ ಗಾಜು ಉದುರಲಿಲ್ಲ. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬವನ ಕೈಜಾರಿ ಬಿದ್ದ ಗಾಜಿನ ಕುಪ್ಪಿ ಒಡೆದರೂ ಚೆದರದೆ, ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಗೆ ಕಚ್ಚಿಕೊಂಡು ನಿಂತಿತೆಂದೂ, 1909ರಲ್ಲಿ ಅವನು ಅದಕ್ಕೆ ಪೇಟೆಂಟು ಪಡೆದನೆಂದೂ ಇತಿಹಾಸವುಂಟು. ಎರಡು ಗಾಜುಗಳ ನಡುವೆ ಒಂದು ಪಾರದರ್ಶಕ ಪೊರೆ, ಇದೇ ಇಂದಿನ ಮುಂಗಾಜು. ಕೈಜಾರುವಿಕೆಗೆ ಲೋಕ ಇಷ್ಟು ಋಣಿಯಾಗಿರುವಾಗ, ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಮನ್ನಣೆಯಿಲ್ಲದಿರುವುದು ಖೇದಕರ.

ಪೂರ್ವಪಕ್ಷವನ್ನು ಮಂಡಿಸೋಣ. ಒರಿಜಿನಲ್‌ವಾದಿಗಳ ಮತದಲ್ಲಿ ಗಾಜಿನ ಮೂಲೆಯಲ್ಲಿ ಕಾರಿನ ಕಂಪೆನಿಯ ಲಾಂಛನವಿದ್ದರೆ ಅದು ಸದ್ವಸ್ತು, ಇಲ್ಲದಿದ್ದರೆ ಮಾಯೆ. ಇದಕ್ಕೆ ಲೋಕಲ್‌ವಾದಿಗಳ ಉತ್ತರ: ಕಾರು ಮಾಡುವವರು ಕುಲುಮೆ ಹಾಕಿ ಗಾಜು ಕಾಯಿಸುವವರಲ್ಲ, ಅವರಿಗೆ ಗಾಜು ಒದಗಿಸುವುದು ಅಸಾಹಿ ಇಂಡಿಯಾ, ಸೇಂಟ್ ಗೋಬೇನ್ ಮುಂತಾದ ಗಾಜಿನ ಮನೆತನಗಳು, ಅದೇ ಮನೆತನಗಳ ಗಾಜು ಲಾಂಛನವಿಲ್ಲದೆ, ತಮ್ಮ ಸ್ವಂತ ಹೆಸರಿನಲ್ಲಿ, ಕಡಮೆ ಬೆಲೆಗೆ ಪೇಟೆಯಲ್ಲಿಯೂ ದೊರೆಯುತ್ತದೆ. ಈ ಮನೆತನಗಳಲ್ಲಿ ಸೇಂಟ್ ಗೋಬೇನಿನ ಕುಲೀನತೆ ಅಲ್ಪವೇ? ವೇಣೂರಿನಲ್ಲಿ ಗೊಮ್ಮಟ ನಿಂತ 61 ವರ್ಷಗಳ ಮೇಲೆ, 1665ರಲ್ಲಿ, ಹದಿನಾಲ್ಕನೆಯ ಲೂಯಿಯ ಆಳಿಕೆಯಲ್ಲಿ ಹುಟ್ಟಿ, ವರ್ಸಾಯಿನ ಅರಮನೆಗೆ ಕನ್ನಡಿ ಮಾಡಿಕೊಟ್ಟ ವಂಶವದು.

ಇಲ್ಲಿ ಸ್ಯಾದ್ವಾದವೊಂದೇ ಗತಿ. ಕುಲುಮೆಯ ದೃಷ್ಟಿಯಿಂದ ಈ ಗಾಜು ಒರಿಜಿನಲ್ ಅಹುದು: ಸ್ಯಾದಸ್ತಿ. ಮುದ್ರೆಯ ದೃಷ್ಟಿಯಿಂದ ಅಲ್ಲ: ಸ್ಯಾನ್ನಾಸ್ತಿ. ಒಂದಾದ ಮೇಲೊಂದರಂತೆ ನೋಡಿದರೆ ಅಹುದೂ ಅಲ್ಲವೂ. ಎರಡನ್ನೂ ಒಮ್ಮೆಗೇ ಕೇಳಿದಲ್ಲಿ ಅವಕ್ತವ್ಯ; ‘ಗಾಜು ಒಂದೇ ಆದರೆ ಬೆಲೆಯೇಕೆ ಎರಡು?’ ಎಂದು ನಾವು ಕೇಳಿದಾಗ ಬಿಡಿಭಾಗದಂಗಡಿಯವನು ತಳೆದ ಮೌನವೇ ಇದಕ್ಕೆ ಪ್ರಮಾಣ. ಉಳಿದ ಮೂರು ಭಂಗಗಳನ್ನು ವಿಮೆಯ ಸರ್ವೇಯರಿಗೆ ಬಿಟ್ಟಿದ್ದೇವೆ. ಆತ್ಮಕ್ಕೆ ಸವೆತವಿಲ್ಲವೆಂದು ವೇದಾಂತವು ಹೇಳುವಂತೆ ಗಾಜಿಗೆ ಸವಕಳಿಯಿಲ್ಲವೆಂದು ವಿಮಾಶಾಸ್ತ್ರ ಹೇಳುತ್ತದೆ. ರಬ್ಬರು, ಪ್ಲಾಸ್ಟಿಕ್ಕುಗಳಿಗಾದರೋ ಶೇ. 50 ಕಳೆಯುತ್ತಾರೆ. ಆದರೆ ಕ್ಲೇಮು ಮಾಡಿದವನ ನೋ ಕ್ಲೇಮ್ ಬೋನಸ್ಸು, ಅದಕ್ಕೆ ಬೇರೆ ರಕ್ಷೆ ಕಟ್ಟಿಸಿಕೊಂಡಿರದಿದ್ದರೆ, ಕ್ಷೀಣೇ ಪುಣ್ಯೇ ಎಂಬ ನ್ಯಾಯದಂತೆ ಕೆಳಗಿಳಿಯುತ್ತದೆ.

ಹಾಗೆಂದು ಲೋಕಲ್ಲೆಲ್ಲವೂ ಸಮವೆಂದು ಯಾರೂ ತಿಳಿಯತಕ್ಕದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮದಂತೆ ಮುಂಗಾಜು ಶೇ. 70ಕ್ಕೆ ಕಡಮೆಯಿಲ್ಲದಷ್ಟು ಬೆಳಕನ್ನು ಒಳಬಿಡಬೇಕು. ಮೂಲೆಯಲ್ಲಿ ಐಎಸ್‌ಐ ಮುದ್ರೆಯೂ ಐಎಸ್ 2553 ಎಂಬ ಸಂಖ್ಯೆಯೂ ಇರಬೇಕು. ಗಾಜಿನ ಹಿಂದೆ ಕ್ಯಾಮರಾ ಕೂರಿಸಿಕೊಂಡು ತಾನೇ ಬ್ರೇಕು ಹಾಕುವ ಈಚಿನ ಕಾರುಗಳವರು ಮರುಮಾತಿಲ್ಲದೆ ಕಂಪೆನಿಯ ಗಾಜನ್ನೇ ಹಾಕಿಸಿ, ಕ್ಯಾಮರಾದ ದೃಷ್ಟಿಯನ್ನೂ ಹೊಸದಾಗಿ ಹೊಂದಿಸಿಕೊಳ್ಳಲಿ. ನಮ್ಮಂತಹ ಬಡಪಾಯಿಗಳಿಗಾಗಿ ನಾವು ಶೋಧಿಸಿದ ಪರೀಕ್ಷೆಯೊಂದುಂಟು: ಗಾಳಿಯಿಲ್ಲದ ಹೊತ್ತಿನಲ್ಲಿ ತೋಟದ ಅಂಚಿಗೆ ಕಾರು ನಿಲ್ಲಿಸಿ, ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಆಡಿಸುತ್ತ ಗಾಜಿನ ಮೂಲಕ ಅಡಕೆಮರವನ್ನು ದಿಟ್ಟಿಸಬೇಕು. ಮರ ಡೊಂಕಾಗಿ ನುಲಿದರೆ ಗಾಜಿನ ಬಾಗು ಸರಿಯಿಲ್ಲ. (ದಾರಿಹೋಕರು ನಮ್ಮ ತಲೆಯಾಟವನ್ನು ಕಂಡು ಏನೆಂದುಕೊಂಡರೆಂಬುದು ಈ ಗ್ರಂಥದ ವ್ಯಾಪ್ತಿಗೆ ಹೊರಗು.)

ಮೂರು ದಿನ ಈ ಮೀಮಾಂಸೆಯನ್ನು ಆಲಿಸಿದ ಗಾಜಿನ ಮೇಸ್ತ್ರಿ ನಾಲ್ಕನೆಯ ದಿನ ಬಾಯ್ದೆರೆದು, “ಮಾಷ್ಟ್ರೇ, ನಿಮಗೆ ಗ್ಲಾಸು ನೋಡ್ಲಿಕ್ಕೆ ಬೇಕಾ, ಹೇಳ್ಲಿಕ್ಕೆ ಬೇಕಾ?” ಎಂದು ಕೇಳಿದನು. ಪ್ರಸ್ಥಾನತ್ರಯದಲ್ಲಿಯೂ ಇಷ್ಟು ಸಂಕ್ಷಿಪ್ತವಾದ ಸೂತ್ರವನ್ನು ನಾವು ಕಂಡಿಲ್ಲ. ಅವನ ಮತದಲ್ಲಿ ಗಾಜಿಗಿಂತ ಅಂಟು ಮುಖ್ಯ. ಅಂಬಾಸಿಡರಿನ ಕಾಲದಲ್ಲಿ ರಬ್ಬರ್ ಬೀಡಿಂಗಿನ ತುಟಿಯೊಳಗೆ ಹುರಿ ಸೇರಿಸಿ, ಒಳಗಿನಿಂದ ಒಬ್ಬ ಹುರಿಯೆಳೆಯುತ್ತ, ಹೊರಗಿನಿಂದ ಮತ್ತೊಬ್ಬ ಗಾಜನ್ನು ಗುದ್ದುತ್ತ ಕೂರಿಸುತ್ತಿದ್ದರು. ಈಗ ಪಾಲಿಯುರಿಥೇನಿನ ಅಂಟು. ಹಳೆಯ ಅಂಟನ್ನು ಹೆರೆದು, ತುಕ್ಕಿದ್ದಲ್ಲಿ ಪ್ರೈಮರು ಹಚ್ಚಿ, ಅದು ಬಲಿಯುವವರೆಗೆ ಕಾರನ್ನು ಅಲುಗಿಸದೆ ಇಟ್ಟಲ್ಲಿ ಗಾಜು ಯಾವುದಾದರೂ ನಿಂತೀತು. ಅವಸರಿಸಿದಲ್ಲಿ ಲೂಯಿಯ ಕನ್ನಡಿಯೂ ಸೋರೀತು. ನಾವು ಮುದ್ರೆಯುಳ್ಳ, ಲಾಂಛನವಿಲ್ಲದ ಗಾಜನ್ನು ಹಾಕಿಸಿ, ಆಟಿಯ ಮಳೆಯಲ್ಲಿ ಮೂರು ಸಂಜೆ ಕಾರಿನೊಳಗೆ ಕುಳಿತು, ಡ್ಯಾಶ್‌ಬೋರ್ಡಿನ ಮೇಲೆ ಹರವಿದ ಹಳೆಯ ‘ಉದಯವಾಣಿ’ ಒದ್ದೆಯಾಗುವುದನ್ನು ಕಾದೆವು. ಆಗಲಿಲ್ಲ.

ಬಿಚ್ಚಿದ ಗಾಜನ್ನು ಮೇಸ್ತ್ರಿ ಹಿತ್ತಲಲ್ಲಿ, ಕೋಳಿಗೂಡಿಗೆ ಒರಗಿಸಿ ಹೋಗಿದ್ದನು. ಮಳೆ ಬಿಟ್ಟ ಒಂದು ಬೆಳಗ್ಗೆ ಅದರ ಮೂಲೆಯ ಕೆಸರನ್ನು ಒರಸಿ, ನಾವು ಕಳೆದುಕೊಂಡ ಒರಿಜಿನಲ್ಲಿನ ಲಾಂಛನಕ್ಕೆ ಅಂತಿಮನಮಸ್ಕಾರ ಸಲ್ಲಿಸಲು ಬಾಗಿದೆವು. ಲಾಂಛನವಿರಲಿಲ್ಲ. ಕಾರನ್ನು ನಮಗೆ ಮಾರಿದವನೂ ಒಮ್ಮೆ ಯಾವುದೋ ಟಿಪ್ಪರಿನ ಹಿಂದೆ ಹೋಗಿದ್ದನು.