ಸೊನ್ನೆಯ ತಂತಿ

ತಂತಿಗಳ ಎಣಿಕೆಯ ವಿಷಯದಲ್ಲಿ ಮಿರಜಿನವರಿಗೆ ಹೊರಗಿನವರು ಬುದ್ಧಿ ಹೇಳಹೊರಡುವುದು ಅವಿವೇಕವೇ ಸರಿ. ಸಿತಾರ ತಂಬೂರಿಗಳ ನಿರ್ಮಾಣವನ್ನು ತಲೆಮಾರುಗಳಿಂದ ಕುಲವೃತ್ತಿಯಾಗಿ ನಡೆಸಿಕೊಂಡು ಬಂದಿರುವ, ಕುಂದಗೋಳದ ಸವಾಯಿ ಗಂಧರ್ವರಂಥ ಶಿಷ್ಯರನ್ನು ಸಿದ್ಧಪಡಿಸಿದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಆ ಊರಿನಲ್ಲಿ, ತಂಬೂರಿಗೆ ತಂತಿಗಳು ನಾಲ್ಕು, ಮೊದಲನೆಯದು ಪಂಚಮ, ನಡುವಿನವು ಜೋಡಿ ಷಡ್ಜ, ಕಡೆಯದು ಖರಜ ಎಂಬುದು ಮಕ್ಕಳಿಗೂ ವಿದಿತ. ಹೀಗಿರಲು, ನನ್ನ ಸೋದರಳಿಯನು ಅಲ್ಲಿಯ ತಂಬೂರಿಯ ಅಂಗಡಿಯೊಂದಕ್ಕೆ ಜಾಂಗೋ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಜಾಲತಾಣವನ್ನು ರಚಿಸತೊಡಗಿದಂದಿನಿಂದ ಪಂಚಮಕ್ಕೆ ‘ತಂತಿ.0’ ಎಂಬ ಅಪೂರ್ವ ನಾಮಧೇಯವು ಪ್ರಾಪ್ತವಾಯಿತು.

“ಸೊನ್ನೆ ಅಂದ್ರ ಒಂದನೇದು, ಮಾಮಾ. ಕಡೇದು ಮೂರು.”

“ಕಡೇದು ಮೂರಾದ್ರ ಇನ್ನೊಂದು ತಂತಿ ಎಲ್ಲಿ ಹೋತೋ ತಮ್ಮಾ?” ಎಂದು ಅಂಗಡಿಯ ಹಿರಿಯರು ಗಾಬರಿಗೊಂಡರು. ಅವರ ಭಯ ನಿರಾಧಾರವಲ್ಲ. ಸಾಂಗಲಿಯ ಅರಿಸಿನಪೇಟೆಯ ಹರಾಜಿನಲ್ಲಿ ಮೊದಲ ರಾಶಿಗೆ ಸೊನ್ನೆಯ ಸಂಖ್ಯೆಯನ್ನು ಕೊಟ್ಟರೆ, ಕೊಳ್ಳುವವನು ಬೆಲೆಯನ್ನೂ ಸೊನ್ನೆಯಿಂದಲೇ ಆರಂಭಿಸಿಯಾನು.

ಅಮೆರಿಕದ ಲಾರೆನ್ಸ್ ಎಂಬ ಪಟ್ಟಣದ ಪತ್ರಿಕಾಲಯದಲ್ಲಿ ಹುಟ್ಟಿ 2005ರಲ್ಲಿ ಬಹಿರಂಗಕ್ಕೆ ಬಂದ ಈ ಜಾಂಗೋಗೆ ಇಟ್ಟಿರುವುದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರುವಾದಕನ ಹೆಸರಾದ್ದರಿಂದ, ಮಿರಜಿನವರು ಅದನ್ನು ತೀರ ಪರಕೀಯವೆನ್ನಲಾರರು. ಆದರೆ ಅದರ ಟೆಂಪ್ಲೇಟಿನ ಹಟ ಅಸಾಧಾರಣವಾದುದು. ಚುಕ್ಕೆಯ ಮುಂದೆ ಬಂದುದನ್ನು ಅದು ಮೊದಲು ಡಿಕ್ಷನರಿಯ ಕೀಲಿಯೆಂದೂ, ಬಳಿಕ ವಸ್ತುವಿನ ಗುಣವೆಂದೂ, ಎರಡೂ ಅಲ್ಲವಾದರೆ ಕಡೆಗೆ ಪಟ್ಟಿಯ ಇಂಡೆಕ್ಸೆಂದೂ ಪರೀಕ್ಷಿಸುತ್ತದೆ. ಅಂಕಿಗೆ ಬದಲಾಗಿ ‘ಕ್ರಮ’ವೆಂಬ ಚರವನ್ನು ಬರೆದರೋ, ಅದರೊಳಗಣ ಸಂಖ್ಯೆಯ ಕಡೆಗೆ ಕಣ್ಣೆತ್ತಿಯೂ ನೋಡದೆ, ‘ಕ್ರಮ’ವೆಂಬ ಹೆಸರಿನದನ್ನೇ ಹುಡುಕಿ, ಕಾಣದೆ, ದೋಷವನ್ನೂ ಸಾರದೆ, ಆ ಸ್ಥಳವನ್ನು ಬರಿದಾಗಿ ಬಿಟ್ಟು ಸುಮ್ಮನಾಗುತ್ತದೆ. ಋಣಸಂಖ್ಯೆಯನ್ನಂತೂ ಒಪ್ಪುವುದೇ ಇಲ್ಲ; ಖರಜ ಬೇಕಾದವರು ‘ಲಾಸ್ಟ್’ ಎಂಬ ಫಿಲ್ಟರನ್ನು ಆಶ್ರಯಿಸತಕ್ಕದ್ದು. ತಂತಿಗಳದೊಂದು, ಸ್ವರಗಳದೊಂದು, ಹೀಗೆ ಎರಡು ಪಟ್ಟಿಗಳನ್ನಿಟ್ಟುಕೊಂಡು, ಒಂದರ ಎಣಿಕೆಯಿಂದ ಇನ್ನೊಂದನ್ನು ತೆಗೆಯಹೊರಟಿದ್ದ ಅಳಿಯನಿಗೆ ಪುಟದ ತುಂಬ ಸ್ವರವಿಲ್ಲದ ತಂತಿಗಳೇ ದೊರೆತವು.

“ಜಿಂಜಾ ಆಗಿದ್ರ ಚೌಕ ಕಂಸದಾಗ ಇಟ್ಟು ತಗೀತಿದ್ದೆ,” ಎಂದು ಅವನು ಇನ್ನೊಂದು ಟೆಂಪ್ಲೇಟು ಭಾಷೆಯನ್ನು ನೆನೆದು ಗೊಣಗಿದುದುಂಟು. ಆದರೂ ನನ್ನ ಪಕ್ಷಪಾತ ಜಾಂಗೋದ ಕಡೆಗೇ: ಶ್ರುತಿಯನ್ನು ಕೂಡಿಸಿಕೊಂಡೇ ವೇದಿಕೆಯನ್ನೇರಬೇಕಲ್ಲದೆ, ಶ್ರೋತೃಗಳ ಎದುರಿಗೆ ಬಿರಡೆ ತಿರುವುತ್ತ ಕೂರುವುದು ಯಾವ ಸಂಪ್ರದಾಯ? ಪಟ್ಟಿಗಳೆರಡನ್ನೂ ಟೆಂಪ್ಲೇಟಿಗೆ ಮಾಹಿತಿ ಒದಗಿಸುವ ವ್ಯೂದಲ್ಲೇ ಜಿಪ್ ಮಾಡಿ ಜೋಡಿಜೋಡಿಯಾಗಿ ಕಳುಹಿಸಿದರೆ ಟೆಂಪ್ಲೇಟಿನ ಲೂಪು ನಿರಾಯಾಸವಾಗಿ ಸಾಗುತ್ತದೆ. ಅಲ್ಲದೆ, ಆ ಲೂಪಿನ ಕೌಂಟರು ಸೊನ್ನೆಯಿಂದಲ್ಲ, ಒಂದರಿಂದಲೇ ಎಣಿಸುತ್ತದೆ. ಸೊನ್ನೆಯೇ ಬೇಕೆಂಬವರಿಗೆ ‘ಕೌಂಟರ್0’ ಎಂಬುದು ಪ್ರತ್ಯೇಕವಾಗಿ ಇದ್ದೇ ಇದೆ. ಜಾಲತಾಣ ಕಟ್ಟುವ ತರುಣರೇ, ಗಿರಾಕಿಯ ಕಣ್ಣಿಗೆ ಬೀಳುವಲ್ಲಿ ದಯಮಾಡಿ ಮೊದಲನೆಯದನ್ನೇ ಬಳಸಿರಿ.