ಜೇಕಿಗೆ ಹೆಸರಿಡುವ ಕಾಮಗಾರಿ

ಜೇಕಿನ ವಂಶಕ್ಕೆ ಹೆಸರಿಡುವ ಸಸ್ಯಶಾಸ್ತ್ರಜ್ಞರು ಮಹಾ ನಿಧಾನಸ್ಥರು. ಕಾಂಡ ಮುಮ್ಮೂಲೆಯದೋ ಎಂದು ಸವರಿ ನೋಡಬೇಕು, ಎಲೆ ಮೂರು ಸಾಲಿನಲ್ಲಿದೆಯೋ ಪರೀಕ್ಷಿಸಬೇಕು, ಕಣ್ಣಿಗೆ ಕಾಣದಷ್ಟು ಸಣ್ಣ ಕಾಯನ್ನು ಲೆನ್ಸಿನಡಿ ಹೊರಳಿಸಬೇಕು. 5,500ರಷ್ಟು ಪ್ರಭೇದಗಳಿರುವ ಸಂಸಾರ ಇದು. ಹೂವಿಗೆ ದಳವಿಲ್ಲ, ಬಣ್ಣವಿಲ್ಲ. ಫೋಟೊ ಹಾಕಿದರೆ ಲೈಕೂ ಇಲ್ಲ.

ಲಾನಿನ ನಡುವೆ ಪುಟ್ಟ ಗುಂಡು ತಲೆಯೆತ್ತುವ ಜೇಕೊಂದಿದೆ. 1773ರಲ್ಲಿ ಡೆನ್ಮಾರ್ಕಿನ ರಾಟ್‌ಬೋಲ್ ಅದನ್ನು ಕಿಲಿಂಗ ಬ್ರೆವಿಫೋಲಿಯ ಎಂದು ಕರೆದ. ತನ್ನ ನಾಡಿನ ಹಿಂದಿನ ಶತಮಾನದ ಸಸ್ಯಶಾಸ್ತ್ರಜ್ಞ ಪೇಡರ್ ಕಿಲಿಂಗ್ ನೆನಪಿಗೆ. 1844ರಲ್ಲಿ ಹಾಸ್ಕಾರ್ಲ್ ಎಂಬ ಸಸ್ಯಶಾಸ್ತ್ರಜ್ಞ ಬಂದು ಅದನ್ನು ಸೈಪರಸ್ ಮನೆಗೆ, ಅಂದರೆ ನಮ್ಮ ಕೊನ್ನಾರಿಗೆಡ್ಡೆಯ ಮನೆಗೆ, ದತ್ತು ಕೊಟ್ಟ. ಆಮೇಲಿನವರು ಕೆಲವರು ಒಪ್ಪಿದರು, ಕೆಲವರು ತವರಿಗೆ ಅಟ್ಟಿದರು. ಕೊನೆಗೆ ಈ ಶತಮಾನದಲ್ಲಿ ಡಿಎನ್‌ಎ ಸಾಕ್ಷಿ ಹೇಳಿತು. ತೀರ್ಪು ಹಾಸ್ಕಾರ್ಲ್ ಪರ. ಆಸ್ತಿ ದಾವೆ ಹೂಡಿದವರಿಗೆ ಈ ವೇಗದಲ್ಲಿ ವಿಶೇಷವೇನೂ ಕಾಣದು. ಕಿಲಿಂಗ್ ಮಹಾಶಯರ ಸ್ಮಾರಕ ಮಾತ್ರ ತೆರವಾಯಿತು. ಹೀಗೆಯೇ 2015ರಲ್ಲಿ ಹಿಮಾಲಯದ ಕೊಬ್ರೇಸಿಯ ಎಂಬ ಇನ್ನೊಂದು ಜೇಕಿನ ಕುಲವನ್ನು ಕೇರೆಕ್ಸ್ ಕುಲ ನುಂಗಿತು.

ಇಷ್ಟೆಲ್ಲ ತಾಪತ್ರಯ ಯಾಕೆ ಬೇಕಿತ್ತು? ನಮ್ಮ ಕೆರೆ ಅಭಿವೃದ್ಧಿಯ ಗುತ್ತಿಗೆದಾರರನ್ನು ಕರೆಸಿದ್ದರೆ ಒಂದೇ ಬೆಳಿಗ್ಗೆ ಮುಗಿಸುತ್ತಿದ್ದರು. ಅವರ ಸಸ್ಯಶಾಸ್ತ್ರದಲ್ಲಿ ಇರುವುದು ಎರಡೇ ಪ್ರಭೇದ: ಲಾನ್ ಮತ್ತು ಕಳೆ. ದಂಡೆಯ ಮಣ್ಣು ಹಿಡಿದ ಜೇಕು, ನೀರುಕೋಳಿ ಗೂಡಿಡುವ ಜೊಂಡು, ಎಲ್ಲ ಎರಡನೆಯ ಪಂಗಡಕ್ಕೆ. ಲೆನ್ಸ್ ಬೇಡ, ಡಿಎನ್‌ಎ ಬೇಡ, ಜೆಸಿಬಿ ಸಾಕು. ನೆಲದಲ್ಲಿ ತಾನಾಗಿ ಹುಟ್ಟಿದ್ದು ಒತ್ತುವರಿ. ನರ್ಸರಿಯಿಂದ ಲಾರಿಯಲ್ಲಿ ಬಂದ ಮೆಕ್ಸಿಕನ್ ಗ್ರಾಸ್ ಸುಂದರೀಕರಣ.

ರೈತ ಕಳೆ ಅಂದರೆ ಬೇರೆ ಮಾತು. ಕೊನ್ನಾರಿಗೆಡ್ಡೆಯ ಜೊತೆ ಗುದ್ದಾಡಿ ಗೊತ್ತಿದ್ದು ಬೈಯುತ್ತಾನೆ. ಕುಂಟೆ ಹೊಡೆದಷ್ಟೂ ಗೆಡ್ಡೆಯ ಸರ ಹರಿದು, ಬಿಡಿಗೆಡ್ಡೆಯೆಲ್ಲ ಮೊಳೆಯುತ್ತದೆ. ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ 1977ರಲ್ಲಿ ಬಂದ ಪುಸ್ತಕದಲ್ಲೂ ಅದಕ್ಕೇ ಮೊದಲ ಸ್ಥಾನ. ಅದೇ ಗೆಡ್ಡೆ ಒಣಗಿದರೆ ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ. ರೈತನ ಹೆಂಡತಿ ದುಡ್ಡು ಕೊಟ್ಟು ತರುತ್ತಾಳೆ. ಇಬ್ಬರಿಗೂ ಗಿಡದ ಗುರುತಿದೆ. ಟೆಂಡರಿಗೆ ಆ ಅರ್ಹತೆ ಕೇಳುವುದಿಲ್ಲ.

ಮುಂಗಾರು ಬಿದ್ದೊಡನೆ ಹೊಸ ಲಾನಿನ ಸಂದಿಯಲ್ಲಿ ಆ ಗುಂಡುತಲೆಯ ಜೇಕು ಎದ್ದಿರುತ್ತದೆ. ಕಿಲಿಂಗವೋ ಸೈಪರಸ್ಸೋ ಯಾರೂ ವಿಚಾರಿಸುವುದಿಲ್ಲ. ಕಡತದಲ್ಲಿ ಅದಕ್ಕೆ ಹೊಸ ಹೆಸರು ಸಿದ್ಧವಿರುತ್ತದೆ: ಕಳೆ ತೆರವು, ಎರಡನೇ ಹಂತ.